ಮೆಷಿನ್ ನಾದುತ್ತದೆ, ಹದ ನೀವೇ ನೋಡಬೇಕು

ಬ್ರೆಡ್ ಮೆಷಿನ್‌ನಲ್ಲಿ ಹಿಟ್ಟು ಮಾತ್ರ ಕಲಸಿಕೊಂಡು, ಬೇಯಿಸುವುದನ್ನು ಓವನ್‌ಗೆ ಬಿಡುತ್ತೇನೆ ಅಂತ ಹಿಂದೊಮ್ಮೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದೇನು ದೊಡ್ಡ ಗುಟ್ಟಲ್ಲ, ಸುಮ್ನೆ ಮಾತಿಗೆ ಬರೆದದ್ದು. ಪತ್ರಗಳು ಬಂದ ಮೇಲೆ ಗೊತ್ತಾಯಿತು: ಆಸೆಯಿಂದ ಮೆಷಿನ್ ಕೊಂಡು, ಎರಡು ಸಲ ಕೈ ಸುಟ್ಟುಕೊಂಡು, ಕಪಾಟಿನ ಮೇಲೆ ಎತ್ತಿಟ್ಟವರು ಬಹಳ ಜನ ಇದ್ದೀರಿ. ಈ ಸಲ ಪೂರ್ತಿ ಅಂಕಣ ನಿಮಗೇ.

ಪ್ರಶ್ನೆ: ಮೇಡಂ, ಮೆಷಿನ್ ತಾನೇ ಕಲಸಿ ತಾನೇ ಬೇಯಿಸಿ ಕೊಡುತ್ತದೆ. ಹಿಟ್ಟನ್ನು ಹೊರಗೆ ತೆಗೆದು ಓವನ್‌ಗೆ ಇಡುವ ಉಸಾಬರಿ ಯಾಕೆ?

ಉಸಾಬರಿ ಅನ್ನಿಸಿದರೆ ಬೇಡ ಬಿಡಿ. ಬೆಳಿಗ್ಗೆ ಎದ್ದಾಗ ಬ್ರೆಡ್ ರೆಡಿ ಇದ್ದರೆ ಸಾಕು, ಆಕಾರ ಹೇಗಿದ್ದರೇನು ಅನ್ನುವವರಿಗೆ ಮೆಷಿನ್ ಒಂದೇ ಸಾಕು. ನನಗೆ ಸಾಕಾಗಲಿಲ್ಲ.

ಮೆಷಿನ್‌ನಲ್ಲೇ ಬೆಂದ ಬ್ರೆಡ್ ಅಂದರೆ ನೆಟ್ಟಗೆ ನಿಂತ ಡಬ್ಬ. ಬುಡದಲ್ಲಿ ಪ್ಯಾಡಲ್, ಅಂದರೆ ಹಿಟ್ಟು ನಾದುವ ರೆಕ್ಕೆ, ಸಿಕ್ಕಿಕೊಂಡಿರುತ್ತದೆ. ಅದನ್ನು ಕೀಳಲು ಹೋದರೆ ಒಂದು ಹಿಡಿ ಬ್ರೆಡ್ಡೂ ಅದರ ಜೊತೆ ಕಿತ್ತು ಬರುತ್ತದೆ. ಬಹಳಷ್ಟು ಮೆಷಿನ್‌ಗಳಲ್ಲಿ ಬಿಸಿ ಮಾಡುವ ಕಾಯಿಲ್ ಪಾತ್ರೆಯ ಬುಡದ ಸುತ್ತ ಇರುತ್ತದೆ, ಮೇಲೆ ಬರೀ ಮುಚ್ಚಳ. ಹಾಗಾಗಿ ಪಕ್ಕಗಳು ದಪ್ಪಗೆ ಕಂದು ಬಣ್ಣಕ್ಕೆ ಬಂದರೂ ನೆತ್ತಿ ಬಿಳಿಚಿಕೊಂಡೇ ಇರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮೆಷಿನ್ ನಡೆಯುವುದು ಗಡಿಯಾರದ ಪ್ರಕಾರ. ಹಿಟ್ಟು ಉಬ್ಬಿರಲಿ, ಉಬ್ಬದೇ ಇರಲಿ, ಹೊತ್ತಾದ ತಕ್ಷಣ ಕಾಯಿಲ್ ಹೊತ್ತಿಕೊಳ್ಳುತ್ತದೆ. ಯೀಸ್ಟ್‌ಗೆ ಗಡಿಯಾರ ಓದಲು ಬರುವುದಿಲ್ಲ ನೋಡಿ. ಚಳಿ ಇದ್ದರೆ ನಿಧಾನ, ಸೆಖೆ ಇದ್ದರೆ ಅವಸರ. ಹಿಟ್ಟನ್ನು ಹೊರಗೆ ತೆಗೆದರೆ, ಯಾವಾಗ ಬೇಯಿಸಬೇಕು ಅನ್ನುವ ತೀರ್ಮಾನ ನಮ್ಮದಾಗುತ್ತದೆ. ಒಂದೇ ಹಿಟ್ಟಲ್ಲಿ ಇವತ್ತು ಉದ್ದ ಬ್ರೆಡ್, ನಾಳೆ ಬನ್, ನಾಡಿದ್ದು ಪಿಜ್ಜಾ ಮಾಡಿಕೊಳ್ಳಬಹುದು ಅನ್ನುವುದು ಮೇಲಿನ ಲಾಭ.

ಪ್ರಶ್ನೆ: ಕೈಯಲ್ಲಿ ನಾದಿದಷ್ಟು ಚೆನ್ನಾಗಿ ಮೆಷಿನ್ ನಾದುತ್ತದೆಯೇ? ನಮ್ಮ ಅತ್ತೆ ನಂಬುವುದಿಲ್ಲ.

ನಿಮ್ಮ ಅತ್ತೆಗೆ ಈ ಕಥೆ ಹೇಳಿ. 1980ರ ದಶಕದ ನಡುವಿನಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯವರು ಮನೆಗೆ ಬ್ರೆಡ್ ಮೆಷಿನ್ ಮಾಡಲು ಹೊರಟರು. ಎಷ್ಟು ಮಾಡಿದರೂ ಹೊರಗೆಲ್ಲಾ ಸೀದು ಒಳಗೆ ಹಸಿ. ಮೆಷಿನ್ ನಾದಿದ ಹಿಟ್ಟಿಗೂ ಕಸುಬುದಾರ ನಾದಿದ ಹಿಟ್ಟಿಗೂ ಎಕ್ಸ್‌ರೇ ತೆಗೆದು ಹೋಲಿಸಿದರೂ ಏನೂ ತಿಳಿಯಲಿಲ್ಲ. ಕೊನೆಗೆ ತಂಡದಲ್ಲಿದ್ದ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಕೆಲಸದಾಕೆ ಒಸಾಕಾದ ಒಂದು ಹೋಟೆಲಿಗೆ ಹೋಗಿ, ಅಲ್ಲಿನ ಮುಖ್ಯ ಬೇಕರ್ ಕೈಕೆಳಗೆ ನಾದುವುದನ್ನು ಕಲಿತರು. ಆತ ಹಿಟ್ಟನ್ನು ಬರೀ ಒತ್ತುತ್ತಿರಲಿಲ್ಲ, ಒಂದು ರೀತಿಯಲ್ಲಿ ಎಳೆಯುತ್ತಿದ್ದ. ಕಣ್ಣಿಗೆ ಬಿದ್ದದ್ದು ಅಷ್ಟೇ. ಆ ಎಳೆತವನ್ನು ಮೆಷಿನ್‌ಗೆ ತರಲು ಒಂದು ವರ್ಷ ಹಿಡಿಯಿತು. ಒಳಗೆ ಉಬ್ಬು ಗೆರೆಗಳನ್ನು ಕೊಟ್ಟರು. ಹಿಟ್ಟು ಆ ಗೆರೆಗೆ ಸಿಕ್ಕಿಕೊಳ್ಳುತ್ತದೆ, ಪ್ಯಾಡಲ್ ಎಳೆಯುತ್ತದೆ. ನಿಮ್ಮ ಮೆಷಿನ್‌ನ ಪಾತ್ರೆಯ ಒಳಗೋಡೆಯಲ್ಲೂ ಅಂಥ ಉಬ್ಬು ಗೆರೆ ಇದೆಯಾ ಅಂತ ಬೆರಳಾಡಿಸಿ ನೋಡಿ.

ಅಂದಹಾಗೆ, ಅಂಟು ಹಿಟ್ಟನ್ನು ಇಪ್ಪತ್ತು ನಿಮಿಷ ಒಂದೇ ಸಮನೆ ನಾದುವ ತಾಳ್ಮೆ ನನ್ನ ಕೈಗಂತೂ ಇಲ್ಲ. ಮೆಷಿನ್‌ಗೆ ಇದೆ.

ಪ್ರಶ್ನೆ: ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇದ್ದ ಹಾಗೇ ಅಳೆದು ಹಾಕುತ್ತೇನೆ. ಒಂದು ಸಲ ಹಿಟ್ಟು ಕಲ್ಲಿನ ಹಾಗೆ, ಇನ್ನೊಂದು ಸಲ ಗಂಜಿ ಹಾಗೆ. ತಪ್ಪು ನನ್ನದಾ ಮೆಷಿನ್‌ದಾ?

ಕಪ್‌ದು. ಹಿಟ್ಟನ್ನು ಚಮಚದಿಂದ ಸಡಿಲವಾಗಿ ತುಂಬಿ ನೋಡಿ, ಒಂದು ಕಪ್‌ಗೆ 120 ಗ್ರಾಂ ಹತ್ತಿರ ಬರುತ್ತದೆ. ಅದೇ ಕಪ್ಪನ್ನು ಡಬ್ಬಕ್ಕೆ ಅದ್ದಿ ಒತ್ತಿ ತೆಗೆಯಿರಿ, 150 ಗ್ರಾಂ ದಾಟುತ್ತದೆ. ನಾಲ್ಕು ಕಪ್ ಹಾಕುವ ಹೊತ್ತಿಗೆ 120 ಗ್ರಾಂ, ಅಂದರೆ ಒಂದು ಇಡೀ ಕಪ್ ಹಿಟ್ಟು ಆಚೀಚೆ ಆಯಿತು. ನೀರು ಮಾತ್ರ ಅಷ್ಟೇ. ಕಲ್ಲಾಗದೆ ಇನ್ನೇನಾದೀತು?

ಅಡುಗೆಮನೆಯ ಒಂದು ತೂಕದ ಯಂತ್ರ ತಗೊಳ್ಳಿ. ಬ್ರೆಡ್ ಮಾಡುವವರಿಗೆ ಮೆಷಿನ್‌ಗಿಂತ ಅದೇ ಮುಖ್ಯ ಅಂತ ನಾನು ವಾದ ಮಾಡುತ್ತೇನೆ. ನನ್ನ ಕ್ರಮ ಹೀಗೆ. ಮೊದಲು ಪಾತ್ರೆಗೆ ಪ್ಯಾಡಲ್ ಕೂರಿಸುತ್ತೇನೆ. (ಇದನ್ನು ಮರೆತ ದಿನವೂ ಇದೆ. ಒಂದೂವರೆ ಗಂಟೆ ಆದ ಮೇಲೆ ಮುಚ್ಚಳ ತೆಗೆದರೆ, ಬುಡದಲ್ಲಿ ನೀರು, ಮೇಲೆ ಹಿಟ್ಟು, ಅದರ ಮೇಲೆ ಯೀಸ್ಟ್, ಇಟ್ಟದ್ದು ಇಟ್ಟ ಹಾಗೇ. ಪಾಪ, ಮೆಷಿನ್ ಮಾತ್ರ ಕೆಲಸ ಮುಗಿಯಿತು ಅಂತ ಬೀಪ್ ಹೊಡೆದಿತ್ತು.) ಪಾತ್ರೆಯನ್ನು ತೂಕದ ಮೇಲೆ ಇಟ್ಟು ಸೊನ್ನೆ ಮಾಡಿ, ನೇರವಾಗಿ ಅದಕ್ಕೇ ಸುರಿಯುತ್ತೇನೆ. ನೀರು 310 ಗ್ರಾಂ. ನೀರಿಗೆ ಒಂದು ಮಿಲಿಲೀಟರ್ ಅಂದರೆ ಒಂದು ಗ್ರಾಂ, ಬೇರೆ ಅಳತೆ ಪಾತ್ರೆ ಬೇಡ. ಎಣ್ಣೆ 15 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 10 ಗ್ರಾಂ. ಅದರ ಮೇಲೆ ಮೈದಾ 500 ಗ್ರಾಂ, ನೀರು ಪೂರಾ ಮುಚ್ಚಿಹೋಗುವ ಹಾಗೆ. ನಡುವೆ ಬೆರಳಿನಿಂದ ಸಣ್ಣ ಗುಳಿ ಮಾಡಿ ಅದರಲ್ಲಿ ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ. ಆಮೇಲೆ ಬೇಯಿಸದೆ ಹಿಟ್ಟು ಮಾತ್ರ ಕಲಸಿ ಉಬ್ಬಿಸುವ ‘ಡೋ’ (dough) ಸೆಟ್ಟಿಂಗ್ ಇಟ್ಟು ಶುರು ಮಾಡುತ್ತೇನೆ. ಕೆಲವು ಮೆಷಿನ್‌ಗಳಲ್ಲಿ ಇದು ಉಲ್ಟಾ, ಒಣಗಿದ್ದು ಮೊದಲು. ಕ್ರಮದ ವಿಷಯದಲ್ಲಿ ನಿಮ್ಮ ಪುಸ್ತಕದ ಮಾತೇ ಕೇಳಿ.

ಇಷ್ಟಾದರೂ ಹಿಟ್ಟು ದಿನಕ್ಕೊಂದು ಥರ ಇರುತ್ತದೆ. ಒಂದು ಚೀಲದ ಮೈದಾ ಹೀರುವ ನೀರು ಇನ್ನೊಂದು ಚೀಲದ್ದು ಹೀರುವುದಿಲ್ಲ. ಆದ್ದರಿಂದ ಮುಚ್ಚಳ ತೆಗೆದು ನೋಡಲೇಬೇಕು. ನಾದುವಾಗ ಮುಚ್ಚಳ ತೆಗೆಯಬಾರದು ಅನ್ನುವ ಭಯ ಬಹಳ ಜನರಿಗಿದೆ. ಏನೂ ಆಗುವುದಿಲ್ಲ, ಧಾರಾಳವಾಗಿ ತೆಗೆಯಿರಿ. ಕೈ ಮಾತ್ರ ತಿರುಗುವ ಪ್ಯಾಡಲ್ ಹತ್ತಿರ ಬೇಡ.

ಮೊದಲ ನಾಲ್ಕೈದು ನಿಮಿಷ ನೋಡಬೇಡಿ, ಎಲ್ಲಾ ಹಿಟ್ಟೂ ಆಗ ಕೆಟ್ಟದಾಗೇ ಕಾಣುತ್ತದೆ. ಎಂಟನೇ ನಿಮಿಷಕ್ಕೆ ಬನ್ನಿ. ಮುಚ್ಚಳ ತೆಗೆಯುವ ಮೊದಲು ಒಂದು ಕ್ಷಣ ಸದ್ದು ಕೇಳಿ. ಹದವಾದ ಹಿಟ್ಟು ಪಾತ್ರೆಯ ಗೋಡೆಗೆ ದಬ್ ದಬ್ ಅಂತ ಮೆತ್ತಗೆ ಬಡಿಯುತ್ತಿರುತ್ತದೆ. ಪಚ ಪಚ ಅಂದರೆ ನೀರು ಜಾಸ್ತಿ. ಟಕ್ ಟಕ್ ಅಂತ ಬಡಿದು ಮೆಷಿನ್ ಗುರ್ ಅನ್ನುತ್ತಿದ್ದರೆ ನೀರು ಕಮ್ಮಿ. ಈಗ ತೆಗೆದು ನೋಡಿ. ಒಂದೇ ಉಂಡೆ ಆಗಿರಬೇಕು. ಗೋಡೆ ಬಿಟ್ಟಿರಬೇಕು, ತಳದಲ್ಲಿ ಮಾತ್ರ ಒಂದಿಷ್ಟು ಅಂಟಿರಬಹುದು. ಬೆರಳು ತಾಗಿಸಿದರೆ ಅಂಟಿದ ಹಾಗನ್ನಿಸಿ, ಬೆರಳು ಎತ್ತಿದಾಗ ಬಿಟ್ಟುಬಿಡಬೇಕು.

ಬೆರಳ ತುಂಬಾ ಹಿಟ್ಟು ಬಂತೆ? ಒಂದು ದೊಡ್ಡ ಚಮಚ ಮೈದಾ ಉದುರಿಸಿ. ಉಂಡೆ ಬಿರುಕು ಬಿಟ್ಟು ಎರಡು ಮೂರು ತುಂಡಾಗಿ ಕುಣಿಯುತ್ತಿದೆಯೆ? ಒಂದು ಸಣ್ಣ ಚಮಚ ನೀರು, ಗೋಡೆಯ ಪಕ್ಕಕ್ಕೆ. ಹಾಕಿದ ಮೇಲೆ ಎರಡು ನಿಮಿಷ ಬಿಡಿ. ಅವಸರಕ್ಕೆ ಬಿದ್ದು ಮೈದಾ, ಮತ್ತೆ ನೀರು, ಮತ್ತೆ ಮೈದಾ ಅಂತ ಸುರಿಯುತ್ತಾ ಹೋದರೆ ನಾಲ್ಕು ಜನರಿಗೆ ಮಾಡಿದ್ದು ಎಂಟು ಜನರಿಗಾಗುತ್ತದೆ. ನನಗಾಗಿದೆ, ಅದಕ್ಕೇ ಹೇಳಿದೆ. ಇನ್ನೊಂದು ಮಾತು: ಅನುಮಾನ ಇದ್ದರೆ ಹಿಟ್ಟು ಒಂಚೂರು ಮೆತ್ತಗೇ ಇರಲಿ. ಮೆತ್ತಗಿನದು ಹೇಗೋ ಸುಧಾರಿಸಿಕೊಳ್ಳುತ್ತದೆ, ಗಟ್ಟಿ ಹಿಟ್ಟಿನಿಂದ ಗಟ್ಟಿ ಬ್ರೆಡ್ಡೇ ಬರುವುದು.

ಪ್ರಶ್ನೆ: ಬಿಸಿ ನೀರು ಹಾಕಿದರೆ ಬೇಗ ಉಬ್ಬುತ್ತದೆ ಅಂತ ಹಾಕಿದೆ. ಉಬ್ಬಲೇ ಇಲ್ಲ.

ಯೀಸ್ಟ್ ಜೀವ ಇರುವ ವಸ್ತು. 60 ಡಿಗ್ರಿ ಹತ್ತಿರ ಹೋದರೆ ಸಾಯುತ್ತದೆ. ಮೆಷಿನ್ ನಾದುವಾಗ ಉಜ್ಜಾಟದಿಂದಲೇ ಹಿಟ್ಟು ಬೆಚ್ಚಗಾಗುತ್ತದೆ, ಆಮೇಲೆ ಉಬ್ಬಿಸುವಾಗ ಮೆಷಿನ್ನೇ ಸ್ವಲ್ಪ ಕಾವು ಕೊಡುತ್ತದೆ. ಹಾಗಾಗಿ ಮಾಮೂಲಿ ತಣ್ಣೀರು ಸಾಕು. ಸೆಖೆಗಾಲದಲ್ಲಿ ನಾನು ಫ್ರಿಜ್ಜಿನ ನೀರು ಹಾಕುತ್ತೇನೆ.

ಪ್ರಶ್ನೆ: ಅಕ್ಕಾ, ಹಿಟ್ಟು ಮೆಷಿನ್‌ನಲ್ಲಿ ಚೆನ್ನಾಗಿ ಉಬ್ಬಿತ್ತು. ಟಿನ್‌ಗೆ ಹಾಕಿ ಇನ್ನೊಂದು ಗಂಟೆ ಬಿಟ್ಟೆ, ಬಲೂನಿನ ಹಾಗೆ ಬಂತು. ಓವನ್‌ಗೆ ಇಟ್ಟ ಸ್ವಲ್ಪ ಹೊತ್ತಿಗೆ ನಡುವೆ ಕುಸಿದು ಕೂತಿತು. ಅಳುವೇ ಬಂತು.

ಅಳಬೇಡಿ ತಾಯಿ. ಕುಸಿದ ಬ್ರೆಡ್ ಅನ್ನು ಹೋಳು ಮಾಡಿ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ, ಬ್ರೆಡ್ ಪುಡಿ ಯಾವತ್ತೂ ಬೇಕಾಗುತ್ತದೆ.

ನಿಮ್ಮ ತಪ್ಪು ಇಷ್ಟೇ, ಒಂದು ಗಂಟೆ ಕಾದದ್ದು. ಮೆಷಿನ್‌ನಿಂದ ಹೊರಗೆ ಬರುವ ಹಿಟ್ಟು ಬೆಚ್ಚಗಿರುತ್ತದೆ. ತಣ್ಣಗಿನ ಹಿಟ್ಟಿಗೆ ಒಂದು ಗಂಟೆ ಬೇಕಾದರೆ ಇದಕ್ಕೆ ಎಷ್ಟೋ ಸಲ ಮೂವತ್ತರಿಂದ ನಲವತ್ತು ನಿಮಿಷ ಸಾಕು. ಕೈಯಲ್ಲಿ ಕಲಸುವವರಿಗೆ ಬರೆದ ಅಳತೆಯನ್ನೇ ನೋಡಿಕೊಂಡು ಕೂತರೆ ಹೀಗಾಗುತ್ತದೆ.

ಹಿಟ್ಟಿನ ಒಳಗೆ ಏನಾಗುತ್ತಿದೆ ಅಂತ ಅರ್ಥ ಮಾಡಿಕೊಂಡರೆ ಗಡಿಯಾರವೇ ಬೇಕಾಗುವುದಿಲ್ಲ. ಗೋಧಿಯಲ್ಲಿರುವ ಎರಡು ಪ್ರೋಟೀನ್‌ಗಳು ನೀರು ಕುಡಿದು, ನಾದಿಸಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಗ್ಲುಟನ್ ಆಗುತ್ತವೆ. ಇದು ರಬ್ಬರಿನ ಹಾಗೆ ಹಿಗ್ಗುವ ಬಲೆ. ಯೀಸ್ಟ್ ಬಿಡುವ ಗಾಳಿ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಓವನ್‌ನ ಮೊದಲ ಹತ್ತು ನಿಮಿಷದಲ್ಲಿ ಒಳಗಿನ ಗಾಳಿ ಕಾದು ಇನ್ನಷ್ಟು ಹಿಗ್ಗುತ್ತದೆ, ಯೀಸ್ಟ್ ಸಾಯುವ ಮೊದಲು ಕೊನೆಯ ಸಲ ಜೋರು ಮಾಡುತ್ತದೆ. ಬ್ರೆಡ್ ಒಮ್ಮೆಲೇ ಮೇಲೇಳುವುದು ಆಗಲೇ. ಅಷ್ಟರಲ್ಲೇ ಬಲೆ ಪೂರ್ತಿ ಹಿಗ್ಗಿ ತೆಳುವಾಗಿದ್ದರೆ ಆ ಕೊನೆಯ ಒತ್ತಡ ತಡೆಯುವುದಿಲ್ಲ. ಹರಿಯುತ್ತದೆ, ಕುಸಿಯುತ್ತದೆ. ಓವನ್‌ಗೆ ಹೋಗುವಾಗ ಇನ್ನೂ ಒಂದಿಷ್ಟು ಹಿಗ್ಗುವ ತಾಕತ್ತು ಉಳಿದಿರಬೇಕು ಅನ್ನುವುದು ಅದಕ್ಕೇ.

ಪರೀಕ್ಷೆ ಸುಲಭ. ಬೆರಳಿಗೆ ಮೈದಾ ಸವರಿ ಹಿಟ್ಟನ್ನು ಅರ್ಧ ಅಂಗುಲ ಮೆಲ್ಲಗೆ ಒತ್ತಿ. ಗುಳಿ ಪಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತಿದೆ. ಸೋಮಾರಿ ಹಾಗೆ ನಿಧಾನಕ್ಕೆ ಎದ್ದು, ಸಣ್ಣ ಗುರುತು ಉಳಿದರೆ ಈಗಲೇ ಓವನ್‌ಗೆ. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ. ಮೀರಿದ್ದಕ್ಕೂ ಉಪಾಯ ಉಂಟು. ಹೊರಗೆ ತೆಗೆದು, ಒತ್ತಿ ಗಾಳಿ ಬಿಡಿಸಿ, ಮತ್ತೆ ಸುತ್ತಿ ಟಿನ್‌ಗೆ ಹಾಕಿ. ಈ ಸಲ ಬೇಗ ಏಳುತ್ತದೆ, ಪಕ್ಕದಲ್ಲೇ ಇರಿ.

ಓವನ್ ಅನ್ನು ಮೊದಲೇ ಕಾಯಲು ಇಡುವುದು ಮರೆಯಬೇಡಿ. ಹಿಟ್ಟು ರೆಡಿ ಆದ ಮೇಲೆ ಓವನ್ ಹಚ್ಚಿದರೆ, ಅದು ಕಾಯುವ ಇಪ್ಪತ್ತು ನಿಮಿಷದಲ್ಲಿ ಹಿಟ್ಟು ಸುಮ್ನೆ ಕೂತಿರುತ್ತದೆಯೇ? ಉಬ್ಬುತ್ತಲೇ ಇರುತ್ತದೆ. ಟಿನ್‌ಗೆ ಹಾಕಿ ಕಾಲು ಗಂಟೆಯಾಗುವಾಗ ನಾನು ಓವನ್ ಹಚ್ಚಿಬಿಡುತ್ತೇನೆ.

ಪ್ರಶ್ನೆ: ಟಿನ್‌ಗೆ ಹಾಕುವ ಮೊದಲು ಸುತ್ತುವುದು ಹೇಗೆ? ನಾನು ಉಂಡೆ ಮಾಡಿ ಹಾಗೇ ಒಳಗೆ ಹಾಕುತ್ತೇನೆ.

ಹಾಗೆ ಹಾಕಿದರೂ ಬೇಯುತ್ತದೆ, ಆದರೆ ಒಳಗೆ ದೊಡ್ಡ ದೊಡ್ಡ ತೂತು ಬರುತ್ತದೆ. ಕಟ್ಟೆಗೆ ಎಣ್ಣೆ ಸವರಿ ಹಿಟ್ಟನ್ನು ಅದರ ಮೇಲೆ ಬೀಳಿಸಿ. ಅಂಗೈಯಿಂದ ತಟ್ಟಿ ಟಿನ್‌ನ ಉದ್ದದಷ್ಟೇ ಅಗಲಕ್ಕೆ ಹರಡಿ. ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತುತ್ತಾ ಬನ್ನಿ, ಪ್ರತಿ ಸುತ್ತಿಗೂ ಹೆಬ್ಬೆರಳಿಂದ ಒತ್ತಿ. ಕೊನೆಯ ಅಂಚನ್ನು ಚಿವುಟಿ ಅಂಟಿಸಿ, ಆ ಹೊಲಿಗೆ ಕೆಳಗೆ ಬರುವ ಹಾಗೆ ಟಿನ್‌ನಲ್ಲಿ ಮಲಗಿಸಿ. 500 ಗ್ರಾಂ ಮೈದಾಗೆ ಸುಮಾರು 23 ಸೆಂಟಿಮೀಟರ್ ಉದ್ದ, 13 ಅಗಲದ ಟಿನ್ ಸರಿ. ಹಿಟ್ಟಿನ ನೆತ್ತಿ ಟಿನ್‌ನ ಅಂಚಿಗಿಂತ ಒಂದು ಬೆರಳಷ್ಟು ಮೇಲೆ ಬಂದಾಗ ಬೆರಳಿನ ಪರೀಕ್ಷೆ ಶುರು ಮಾಡಿ.

ಒಳಗೆ ಪ್ಯಾಡಲ್ ಇದೆಯಾ ಅಂತ ಸುತ್ತುವ ಮೊದಲೇ ನೋಡಿಕೊಳ್ಳಿ. ಒಂದೊಂದು ಸಲ ಹಿಟ್ಟಿನ ಜೊತೆ ಅದೂ ಬಂದಿರುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕ ಓವನ್. ಮೇಲೆ ಕರಕಲು, ಒಳಗೆ ಹಸಿ. ಡಿಗ್ರಿ ಸರಿಯಾಗೇ ಇಟ್ಟಿದ್ದೆ.

ನೀವು ತಿರುಗಿಸಿದ ಗುಂಡಿಯಲ್ಲಿ ಇರುವ ಡಿಗ್ರಿ ಬೇರೆ, ಒಳಗಿರುವ ಡಿಗ್ರಿ ಬೇರೆ. ಓವನ್ ಒಳಗೇ ಇಡುವ ಥರ್ಮಾಮೀಟರ್ ಸಿಗುತ್ತದೆ. ನಾನು ಇಟ್ಟು ನೋಡಿದಾಗ ನನ್ನ ಓವನ್ 200 ಅನ್ನುವಾಗ ಒಳಗೆ 225 ಇತ್ತು. ಎಷ್ಟು ವರ್ಷ ನನ್ನ ಕೈಯನ್ನೇ ಬೈದುಕೊಂಡಿದ್ದೆ!

ಚಿಕ್ಕ ಓವನ್‌ನಲ್ಲಿ ಉಬ್ಬಿದ ಬ್ರೆಡ್‌ನ ನೆತ್ತಿ ಮೇಲಿನ ಕಾದ ಸರಳಿಗೆ ತೀರಾ ಹತ್ತಿರ ಹೋಗುತ್ತದೆ. ಟಿನ್ ಕೆಳಗಿನ ಅಂತಸ್ತಿಗೆ ಇಡಿ. ನೆತ್ತಿ ಬೇಕಾದ ಬಣ್ಣಕ್ಕೆ ಬಂದ ತಕ್ಷಣ ಮೇಲೊಂದು ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಹೊದಿಸಿ. ಮೊದಲ ಹದಿನೈದು ನಿಮಿಷ ಮಾತ್ರ ಬಾಗಿಲು ತೆಗೆಯಬೇಡಿ. ಮೇಲೆ ಬರೆದ ಅಳತೆಗೆ 200 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಹಿಡಿಯುತ್ತದೆ. ಹಾಲು, ಬೆಣ್ಣೆ, ಸಕ್ಕರೆ ಜಾಸ್ತಿ ಇರುವ ಹಿಟ್ಟು ಬೇಗ ಕಂದಾಗುತ್ತದೆ, ಅದಕ್ಕೆ 180 ಸಾಕು.

ಬೆಂದಿದೆಯಾ ಅಂತ ತಿಳಿಯಲು ಬುಡ ತಟ್ಟಿ ಟೊಳ್ಳು ಸದ್ದು ಕೇಳಿ ಅನ್ನುತ್ತಾರೆ. ನನಗೆ ಆ ಸದ್ದು ಬೆಂದದ್ದಕ್ಕೂ ಬೇಯದ್ದಕ್ಕೂ ಒಂದೇ ಥರ ಕೇಳಿಸುತ್ತದೆ, ಏನು ಮಾಡಲಿ. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುಮಧ್ಯಕ್ಕೆ ಚುಚ್ಚಿ, 93ರಿಂದ 96 ಡಿಗ್ರಿ ತೋರಿಸಿದರೆ ಬೆಂದಿದೆ. ತೆಗೆದ ಕೂಡಲೇ ಟಿನ್‌ನಿಂದ ಬಿಡಿಸಿ ಜಾಲರಿಯ ಮೇಲಿಡಿ. ಟಿನ್‌ನಲ್ಲೇ ಬಿಟ್ಟರೆ ಹಬೆ ಹೋಗಲು ದಾರಿ ಇಲ್ಲದೆ ಬುಡ ಒದ್ದೆಯಾಗುತ್ತದೆ. ಒಂದು ಗಂಟೆ ಆರಲಿ, ಆಮೇಲೆ ಚಾಕು ಹಾಕಿ. ನಮ್ಮನೆಯವರು ಈ ನಿಯಮವನ್ನು ಇವತ್ತಿನವರೆಗೆ ಒಪ್ಪಿಲ್ಲ.

ಪ್ರಶ್ನೆ: ಮೈದಾ ಬೇಡ, ಪೂರ್ತಿ ಗೋಧಿ ಹಿಟ್ಟಲ್ಲಿ ಮಾಡಬೇಕು. ಇಟ್ಟಿಗೆ ಆಗದ ಹಾಗೆ ಹೇಗೆ?

ಮೈದಾದಷ್ಟು ಹಗುರ ಬರುವುದಿಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ. ಗೋಧಿಯ ತೌಡು ಗ್ಲುಟನ್ ಬಲೆಯನ್ನು ಅಲ್ಲಲ್ಲಿ ಕುಯ್ಯುತ್ತದೆ, ನೀರೂ ಜಾಸ್ತಿ ಕುಡಿಯುತ್ತದೆ. 500 ಗ್ರಾಂ ಹಿಟ್ಟಿಗೆ 350ರಿಂದ 375 ಗ್ರಾಂ ನೀರು ಬೇಕಾಗುತ್ತದೆ. ನಾನು ಮಾಡುವುದು ಹೀಗೆ: ಹಿಟ್ಟು, ನೀರು ಎರಡನ್ನೇ ಮೆಷಿನ್‌ಗೆ ಹಾಕಿ ಮೂರು ನಾಲ್ಕು ನಿಮಿಷ ತಿರುಗಿಸಿ ಆಫ್ ಮಾಡುತ್ತೇನೆ. ಅರ್ಧ ಗಂಟೆ ನೆನೆಯಲಿ. ತೌಡು ಮೆತ್ತಗಾಗುತ್ತದೆ. ಆಮೇಲೆ ಉಪ್ಪು, ಎಣ್ಣೆ, ಯೀಸ್ಟ್ ಹಾಕಿ ಮೊದಲಿನಿಂದ ಶುರು. ಮೊದಲ ಪ್ರಯತ್ನಕ್ಕೆ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿಕೊಳ್ಳಿ. ಮರ್ಯಾದೆ ಉಳಿಯುತ್ತದೆ.

ಪ್ರಶ್ನೆ: ರಾತ್ರಿ ಟೈಮರ್ ಇಟ್ಟು ಮಲಗಿದರೆ ಬೆಳಿಗ್ಗೆಗೆ ಹಿಟ್ಟು ರೆಡಿ ಇರುತ್ತದೆಯೇ? ಹಾಲು ಹಾಕುತ್ತೇನೆ.

ಹಾಲು, ಮೊಟ್ಟೆ ಇದ್ದರೆ ಟೈಮರ್ ಬೇಡವೇ ಬೇಡ. ರಾತ್ರಿಯೆಲ್ಲಾ ಹೊರಗೆ ಕೂತು ಕೆಡುತ್ತವೆ. ನೀರು, ಹಾಲಿನ ಪುಡಿ ಹಾಕಿ. ಯೀಸ್ಟ್‌ಗೆ ನೀರು ಸೋಕದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಾದುವಾಗ ಮೆಷಿನ್ ಕಟ್ಟೆಯ ಮೇಲೆ ಜರುಗುತ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ನಡೆಯುತ್ತಿದೆ. ನನ್ನ ಮೊದಲ ಮೆಷಿನ್ ಹೀಗೇ ನಡೆದು ನಡೆದು, ನಾನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಇದ್ದಾಗ, ಕಟ್ಟೆಯಿಂದ ಕೆಳಗೆ ಬಿತ್ತು. ಗಟ್ಟಿ ಹಿಟ್ಟು ಹಾಕಿದ್ದೆ, ಅದೇ ತಪ್ಪು. ಮುಚ್ಚಳ ಒಂದು ಕಡೆ, ಪಾತ್ರೆ ಇನ್ನೊಂದು ಕಡೆ. ಹಿಟ್ಟಿನ ಉಂಡೆಗೆ ಮಾತ್ರ ಏನೂ ಆಗಿರಲಿಲ್ಲ, ಪಾತ್ರೆಯ ಒಳಗೇ ಬೆಚ್ಚಗೆ ಕೂತಿತ್ತು. ಅವತ್ತು ಅದರಲ್ಲೇ ಬನ್ ಮಾಡಿದೆ. 65 ಗ್ರಾಂ ಉಂಡೆಗಳು, 190 ಡಿಗ್ರಿ, ಹದಿನೆಂಟು ನಿಮಿಷ. ಮೆಷಿನ್ ಮಾತ್ರ ಮತ್ತೆ ಏಳಲಿಲ್ಲ. ಈಗ ಕೆಳಗೆ ರಬ್ಬರ್ ಮ್ಯಾಟ್ ಹಾಸಿದ್ದೇನೆ, ಕಟ್ಟೆಯ ಅಂಚಿನಿಂದ ದೂರ, ಗೋಡೆಯ ಕಡೆಗೆ ಸರಿಸಿ ಇಡುತ್ತೇನೆ. ಆದರೆ ಗೋಡೆಗೆ ತಾಗಿಸಬೇಡಿ, ಬಿಸಿಗಾಳಿ ಹೋಗಲು ಒಂದು ಗೇಣು ಜಾಗ ಬಿಡಿ.

ಪ್ರಶ್ನೆ: ಹಿಟ್ಟು ಕಲಸಿ ಆದ ಮೇಲೆ ಹೊರಗೆ ಹೋಗಬೇಕಾಗಿ ಬಂದರೆ?

ಎಣ್ಣೆ ಸವರಿದ ಡಬ್ಬಕ್ಕೆ ಹಾಕಿ, ಮುಚ್ಚಿ, ಫ್ರಿಜ್ಜಿಗೆ ಇಡಿ. ಡಬ್ಬ ಹಿಟ್ಟಿನ ಎರಡರಷ್ಟು ದೊಡ್ಡದಿರಲಿ, ತಣ್ಣಗಾಗುವವರೆಗೆ ಅದು ಉಬ್ಬುತ್ತಲೇ ಇರುತ್ತದೆ. ಮಾರನೇ ದಿನ ತೆಗೆದು ಸುತ್ತಿ ಟಿನ್‌ಗೆ ಹಾಕಿ. ತಣ್ಣಗಿರುವುದರಿಂದ ಈಗ ಒಂದೂವರೆ ಗಂಟೆ, ಎರಡು ಗಂಟೆಯೂ ಹಿಡಿಯಬಹುದು. ರುಚಿ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ. ನಾನು ಈಗೀಗ ಹೊರಗೆ ಹೋಗುವ ಕೆಲಸ ಇಲ್ಲದಿದ್ದರೂ ಹೀಗೇ ಮಾಡುತ್ತೇನೆ.

ಇನ್ನು ಮುಂದೆ ಪತ್ರ ಬರೆಯುವವರು ಹಿಟ್ಟಿನ ತೂಕ, ನೀರಿನ ತೂಕ ಎರಡನ್ನೂ ಬರೆಯಿರಿ. ‘ಸ್ವಲ್ಪ ನೀರು ಹಾಕಿದೆ’ ಅಂದರೆ ಇಲ್ಲಿ ಕೂತ ನನಗೆ ಎಂಟನೇ ನಿಮಿಷದ ಆ ಉಂಡೆ ಕಾಣಿಸುವುದಿಲ್ಲ.